ಆಟ ಕಟ್ಟುವವರಿಗೆ ಕೈಗೆಟಕುವ ಡೆಸ್ಕ್‌ಟಾಪ್: ಮೈಸೂರು, ಮಂಡ್ಯದವರಿಗೆ ಒಂದು ಮಾರ್ಗದರ್ಶಿ

ಹವ್ಯಾಸಕ್ಕೆ ಕಂಪ್ಯೂಟರ್ ಆಟ ಮಾಡಬೇಕು, ಅದಕ್ಕೊಂದು ಡೆಸ್ಕ್‌ಟಾಪ್ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಬಜೆಟ್ ವಿಚಾರಿಸುವುದಿಲ್ಲ. ಯಾವ ಆಟ ಮಾಡ್ತೀರಿ ಅಂತ ಕೇಳುತ್ತೇನೆ. ಅಂಗಡಿಗೆ ಹೋಗಿ "ಗೇಮಿಂಗ್‌ಗೆ ಒಂದು ಸಿಸ್ಟಮ್ ಹೇಳಿ ಸಾರ್" ಅಂದರೆ ಬರುವ ಕೊಟೇಶನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಹಣ ಗ್ರಾಫಿಕ್ಸ್ ಕಾರ್ಡಿಗೇ ಹೋಗಿರುತ್ತದೆ. ಅಂಗಡಿಯವರದು ತಪ್ಪಲ್ಲ, ನಾವು ಕೇಳಿದ್ದು ಆಟ ಆಡುವ ಯಂತ್ರ. ಆಟ ಕಟ್ಟುವವರ ಮೇಜು ಬೇರೆ ಥರ ಇರುತ್ತದೆ. ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ತೆರೆದಿರುತ್ತದೆ, ಅದರ ಪಕ್ಕ ಕೋಡ್ ಎಡಿಟರ್, ಹಿಂದೆ ಮೂರು ಆಯಾಮದ ಮಾದರಿ ಮಾಡುವ ಬ್ಲೆಂಡರ್ ಅಥವಾ ಚಿತ್ರ ಬರೆಯುವ ಕ್ರಿಟಾ, ಬ್ರೌಸರ್‌ನಲ್ಲಿ ಒಂದು ರಾಶಿ ಟ್ಯಾಬು, ನಡುವೆ ಯೂಟ್ಯೂಬ್ ಪಾಠ. ಇದಕ್ಕೆಲ್ಲ ಬೇಕಾದ್ದು ಸಾಕಷ್ಟು ರ‍್ಯಾಮ್, ಫೈಲುಗಳನ್ನು ಇಡಲು ವೇಗದ ಎಸ್‌ಎಸ್‌ಡಿ, ಒಳ್ಳೆಯ ಪ್ರೊಸೆಸರ್, ಕಣ್ಣು ನೋಯಿಸದ ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಬಹಳ ಜನಕ್ಕೆ ಶುರುವಿನಲ್ಲಿ ಬೇಕಾಗುವುದೇ ಇಲ್ಲ. ಅದರ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಕಟ್ಟಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಹೆಜ್ಜೆ 1: ಆಟ ಯಾವುದು, ಎಂಜಿನ್ ಯಾವುದು

ನೀವು ನಿಜವಾಗಿ ಮುಗಿಸಬಲ್ಲ ಮೊದಲ ಆಟ ಯಾವುದು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಚೌಕಾಬಾರ, ಅಳಿಗುಳಿ ಮಣೆ, ಆಡು-ಹುಲಿ ಇಂಥವು ಮೊದಲ ಆಟಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ನಿಯಮಗಳು ಸಿದ್ಧ ಇರುತ್ತವೆ, ಮನೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಪರೀಕ್ಷೆ ಮಾಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ರೂಪಿಸಿದ ಊರು ಮೈಸೂರು. ಇವತ್ತಿಗೂ ಇಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದಿದೆ. ಅಂಥ ಆಟವೊಂದು ಕನ್ನಡದಲ್ಲಿ ಫೋನಿಗೆ ಬಂದರೆ ಅದಕ್ಕಿಂತ ಒಳ್ಳೆಯ ಶುರು ಇಲ್ಲ.

ಇಂಥ ಎರಡು ಆಯಾಮದ ಆಟಕ್ಕೆ, ಸರಳವಾದ ಮೂರು ಆಯಾಮದ ಆಟಕ್ಕೂ, ಗೊಡೋ ಎಂಜಿನ್ ಸಾಕು. ಅದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಡೌನ್‌ಲೋಡ್ ಕೂಡ ಚಿಕ್ಕದು. ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗಕ್ಕೆ ರೆಂಡರರ್ ಅನ್ನುತ್ತಾರೆ, ಗೊಡೋದಲ್ಲಿ 'ಕಂಪ್ಯಾಟಿಬಿಲಿಟಿ' ಅನ್ನುವ ರೆಂಡರರ್ ಆಯ್ಕೆ ಇದೆ. ಓಪನ್‌ಜಿಎಲ್ 3.3 ಅನ್ನುವ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಬೆಂಬಲ ಇರುವ ಯಾವ ಯಂತ್ರದಲ್ಲೂ ನಡೆಯುವುದರಿಂದ ಹತ್ತು ವರ್ಷ ಹಳೆಯ ಆಫೀಸ್ ಕಂಪ್ಯೂಟರ್‌ನ ಇಂಟೆಲ್ ಗ್ರಾಫಿಕ್ಸ್‌ಗೂ ಅದು ಭಾರವಲ್ಲ. ಯೂನಿಟಿ ಇದಕ್ಕಿಂತ ತೂಕದ್ದು. ಆಂಡ್ರಾಯ್ಡ್‌ಗೆ ಬೇಕಾದ ಭಾಗಗಳನ್ನೂ ಸೇರಿಸಿದರೆ ಹಲವಾರು ಜಿಬಿ ಜಾಗ ಹೋಗುತ್ತದೆ, ಪ್ರತಿ ಪ್ರಾಜೆಕ್ಟ್‌ನ 'ಲೈಬ್ರರಿ' ಫೋಲ್ಡರ್ ಬೇರೆ ಬೆಳೆಯುತ್ತಲೇ ಇರುತ್ತದೆ. ಅನ್‌ರಿಯಲ್ ಎಂಜಿನ್ 5 ಅಂದರೆ ಲೆಕ್ಕವೇ ಬೇರೆ. ಅದನ್ನು ಮಾಡಿದ ಎಪಿಕ್ ಕಂಪನಿಯೇ 32 ಜಿಬಿ ರ‍್ಯಾಮ್, 8 ಜಿಬಿ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್ ಇರಲಿ ಅನ್ನುತ್ತದೆ. ನಿಮ್ಮ ಮನಸ್ಸಿನಲ್ಲಿ ಅನ್‌ರಿಯಲ್ಲೇ ಇದ್ದರೆ ಮುಂದೆ ನಾನು ಹೇಳುವ ಕಾರ್ಡಿಲ್ಲದ ಲೆಕ್ಕ ನಿಮಗೆ ಒಗ್ಗುವುದಿಲ್ಲ.

ಎಂಜಿನ್ ಆರಿಸುವಾಗ ಕನ್ನಡದವರು ನೋಡಲೇಬೇಕಾದ ಇನ್ನೊಂದು ವಿಷಯ ಇದೆ, ಒತ್ತಕ್ಷರ. ಗೊಡೋ 4ರಲ್ಲಿ ಲಿಪಿ ಜೋಡಣೆಯ ಏರ್ಪಾಡು ಒಳಗೇ ಇದೆ. ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿದರೆ "ರಾಷ್ಟ್ರ", "ಸೂರ್ಯ", "ಸ್ತ್ರೀ" ಇವೆಲ್ಲ ಸರಿಯಾಗಿ ಮೂಡುತ್ತವೆ. ಹಳೆಯ ಗೊಡೋ 3ರಲ್ಲಿ ಈ ಅನುಕೂಲ ಇರಲಿಲ್ಲ. ಯೂನಿಟಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಕನ್ನಡದ ಒತ್ತುಗಳನ್ನು ತಾನಾಗಿ ಜೋಡಿಸುವುದಿಲ್ಲ, ಅಕ್ಷರ ಒಡೆದು ಬೀಳುತ್ತದೆ. ಅದಕ್ಕೆ ಬೇರೆ ದಾರಿ ಹುಡುಕಬೇಕು. ಕನ್ನಡದಲ್ಲೇ ಆಟ ಮಾಡುವ ಆಸೆ ಇರುವವರಿಗೆ ಗೊಡೋ ಹೇಳಲು ನನಗೆ ಇದೊಂದೇ ಕಾರಣ ಸಾಕು. ಗೊಡೋ ಅಂತ ತೀರ್ಮಾನವಾದ ಕ್ಷಣ ಖರ್ಚೂ ಇಳಿಯುತ್ತದೆ.

ಹೆಜ್ಜೆ 2: ಮನೆಯಲ್ಲಿರುವುದರಲ್ಲೇ ಶುರು ಮಾಡಿ

ಹಳೆಯ ಲ್ಯಾಪ್‌ಟಾಪ್ ಏನಾದರೂ ಇದ್ದರೆ ಅದರಲ್ಲೇ ಗೊಡೋ ಹಾಕಿ ಒಂದು ತಿಂಗಳು ಕೆಲಸ ಮಾಡಿ. ಎಲ್ಲಿ ತಡವಾಗುತ್ತಿದೆ ಅಂತ ಗಮನಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಮೆಮೊರಿ ತುಂಬಿ ತುಳುಕುತ್ತಿದೆಯೋ, ಡಿಸ್ಕ್ ನೂರು ಪರ್ಸೆಂಟ್ ತೋರಿಸುತ್ತಿದೆಯೋ, ಸಿಪಿಯು ಏದುಸಿರು ಬಿಡುತ್ತಿದೆಯೋ ಗೊತ್ತಾಗುತ್ತದೆ. ಬಹಳ ಸಲ 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸೇರಿಸಿದರೆ ಇನ್ನೊಂದು ವರ್ಷ ತಳ್ಳಬಹುದು.

ಹೆಜ್ಜೆ 3: ಪ್ರೊಸೆಸರ್

"ಐ5 ಇದೆ ಸಾರ್" ಅನ್ನುವ ಮಾತಿಗೆ ಒಪ್ಪಬೇಡಿ. ಎಷ್ಟನೇ ಜನರೇಶನ್ ಅಂತ ಕೇಳಿ. ಐ5 ಅನ್ನುವ ಹೆಸರು 2009ರಿಂದ ನಡೆದು ಬಂದಿದೆ. 2015ರ ಐ5-6500ಕ್ಕಿಂತ 2022ರ ಐ3-12100 ಎಷ್ಟೋ ವೇಗದ್ದು. ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ಇಂಟೆಲ್‌ನಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ಎಎಂಡಿಯ ರೈಜನ್ 5 5600ರಲ್ಲೂ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

ಕಾರ್ಡ್ ಇಲ್ಲದೆ ಶುರು ಮಾಡುವವರಿಗೆ ನಾನು ಹೇಳುವುದು 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್, ಒಳಗೇ ವೇಗಾ ಗ್ರಾಫಿಕ್ಸ್. 2021ರದ್ದು, ಹಳೆಯದಾಯಿತು ಅನ್ನಬಹುದು. ಆದರೆ ಅದು ಕೂರುವ ಎಎಂ4 ಮದರ್‌ಬೋರ್ಡು ಅಗ್ಗ, ಬೋರ್ಡೂ ಅದಕ್ಕೆ ಬೇಕಾದ ಡಿಡಿಆರ್4 ರ‍್ಯಾಮೂ ಎಲ್ಲ ಕಡೆ ಸಿಗುತ್ತವೆ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಹೊಸ ತಲೆಮಾರಿನ ಎಎಂ5 ಬೋರ್ಡಿನ ಮೇಲೆ ರೈಜನ್ 5 8600ಜಿ ಹಾಕಿಸಬಹುದು. ಅದರ ಒಳಗ್ರಾಫಿಕ್ಸ್ ಗಣನೀಯವಾಗಿ ಚೆನ್ನಾಗಿದೆ, ಅದೇ ಬೋರ್ಡಿಗೆ ಮುಂದೆ ಹೊಸ ಪ್ರೊಸೆಸರ್ ಹಾಕುವ ದಾರಿಯೂ ತೆರೆದಿರುತ್ತದೆ. ಇಂಟೆಲ್ ಕಡೆ ಐ5-12400 ಗಟ್ಟಿ ಪ್ರೊಸೆಸರ್. ಅದರ ಒಳಗ್ರಾಫಿಕ್ಸ್ ಎರಡು ಆಯಾಮದ ಕೆಲಸಕ್ಕೆ ಸಾಕು, ಮೂರು ಆಯಾಮಕ್ಕೆ ಸಪ್ಪೆ.

ಹೆಜ್ಜೆ 4: ರ‍್ಯಾಮ್

ಹಣ ಉಳಿಸುವ ಜಾಗ ಇದಲ್ಲ. 16 ಜಿಬಿಗಿಂತ ಕಡಿಮೆ ಬೇಡ. 8 ಜಿಬಿಯಲ್ಲಿ ಎಂಜಿನ್, ಬ್ಲೆಂಡರ್, ಬ್ರೌಸರ್ ಮೂರೂ ತೆರೆದರೆ ವಿಂಡೋಸ್ ಡಿಸ್ಕ್‌ಗೆ ಬರೆಯಲು ಶುರು ಮಾಡುತ್ತದೆ, ಆಮೇಲೆ ಒಂದೊಂದು ಕ್ಲಿಕ್‌ಗೂ ಕಾಯಬೇಕು.

ಒಳಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗೆ ತನ್ನದೇ ಮೆಮೊರಿ ಇಲ್ಲ, ಇದೇ ರ‍್ಯಾಮನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ರ‍್ಯಾಮಿನ ವೇಗವೇ ಗ್ರಾಫಿಕ್ಸ್‌ನ ವೇಗ. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಒಂದೇ ಚಾನೆಲ್. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಎರಡು ಚಾನೆಲ್, ಮಾಹಿತಿ ಹರಿಯುವ ಸಾಮರ್ಥ್ಯ ದುಪ್ಪಟ್ಟು. 5600ಜಿ ಥರದ ಪ್ರೊಸೆಸರ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಂಗಡಿಯವರು ಎಷ್ಟೋ ಸಲ "ಮುಂದೆ ಸೇರಿಸಬಹುದು" ಅಂತ ಒಂದೇ ಕಡ್ಡಿ ಹಾಕಿರುತ್ತಾರೆ. ಕಾರ್ಡ್ ಇರುವ ಸಿಸ್ಟಮ್‌ಗೆ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ನಮಗೆ ಕೊಡುತ್ತದೆ. ಅದಕ್ಕೇ ಬೋರ್ಡ್ ಆರಿಸುವಾಗ ರ‍್ಯಾಮಿಗೆ ನಾಲ್ಕು ಸ್ಲಾಟ್ ಇರುವುದನ್ನು ಕೇಳಿ. ಈಗ ಎರಡು ತುಂಬಿದರೂ ಮುಂದೆ ಎರಡು ಉಳಿಯುತ್ತವೆ. ಅಗ್ಗದ ಎ520, ಎಚ್610 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್.

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಹಳೆಯ ಯೂಟ್ಯೂಬ್ ವಿಡಿಯೋದಲ್ಲಿ ಹೇಳಿದ ಬೆಲೆ ನಂಬಿಕೊಂಡು ಅಂಗಡಿಗೆ ಹೋಗಬೇಡಿ. ಕೊಟೇಶನ್ ತೆಗೆದುಕೊಂಡರೆ ಎಷ್ಟು ದಿನ ಆ ಬೆಲೆಗೆ ಕೊಡುತ್ತಾರೆ ಅಂತ ಕೇಳಿಟ್ಟುಕೊಳ್ಳಿ.

ಹೆಜ್ಜೆ 5: ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್

ಎಸ್‌ಎಸ್‌ಡಿ ವೇಗದ ಎನ್‌ವಿಎಂಇ ಬಗೆಯದಾಗಿರಲಿ, 500 ಜಿಬಿ ಕನಿಷ್ಠ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಅದು ಬ್ಯಾಕಪ್‌ಗೆ ಇರಲಿ. ಇದರ ಬಗ್ಗೆ ಇಷ್ಟೇ ಸಾಕು.

ಒಳಗಿನ ತುಂಡುಗಳಿಗೆಲ್ಲ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. "ಕ್ಯಾಬಿನೆಟ್ ಜೊತೆ 450 ವಾಟ್ ಎಸ್‌ಎಂಪಿಎಸ್ ಫ್ರೀ" ಅನ್ನುವುದನ್ನು ಬಿಟ್ಟುಬಿಡಿ. ಅಂಥವುಗಳ ಮೇಲೆ ಬರೆದ ವಾಟಿಗೂ ಒಳಗಿನ ಶಕ್ತಿಗೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ, ಕೈಯಲ್ಲಿ ಹಿಡಿದರೇ ಹಗುರ ಗೊತ್ತಾಗುತ್ತದೆ. ಅದು ಕೆಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದೊಯ್ಯಬಹುದು. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತಿರುವ 550 ವಾಟ್‌ನದ್ದನ್ನು ತೆಗೆದುಕೊಳ್ಳಿ. ಇವತ್ತಿನ ಸಿಸ್ಟಮ್‌ಗೆ ಅಷ್ಟು ಬೇಕಿಲ್ಲ, ನಾಳೆ ಹಾಕುವ ಕಾರ್ಡಿಗೆ ಬೇಕು. ಆ ಕಾರ್ಡಿಗೆ ಬೇಕಾದ 8 ಪಿನ್ ವೈರು ಅದರಲ್ಲಿ ಇದೆಯೇ ನೋಡಿ.

ಕ್ಯಾಬಿನೆಟ್‌ಗೆ ಮುಂದೆ ಜಾಲರಿ, ಎರಡು ಫ್ಯಾನ್ ಇದ್ದರೆ ಸಾಕು. ಬಣ್ಣಬಣ್ಣದ ದೀಪಕ್ಕೆ ಕೊಡುವ ಹಣವನ್ನು ಮಾನಿಟರ್‌ಗೆ ಸೇರಿಸಿ.

ಹೆಜ್ಜೆ 6: ಮಾನಿಟರ್

ದಿನಕ್ಕೆ ಮೂರು ನಾಲ್ಕು ಗಂಟೆ ನೋಡುವುದು ಇದನ್ನೇ. ಐಪಿಎಸ್ ಪ್ಯಾನೆಲ್ ಇರಲಿ, 1920 ಗುಣಿಸು 1080, 22 ರಿಂದ 24 ಇಂಚು. ಬಣ್ಣ ಆರಿಸುವ ಕೆಲಸಕ್ಕೆ ಟಿಎನ್ ಪ್ಯಾನೆಲ್ ಬೇಡ, ತಲೆ ಸ್ವಲ್ಪ ಓರೆ ಮಾಡಿದರೆ ಬಣ್ಣವೇ ಬದಲಾಗುತ್ತದೆ. ಯಾರ ಮನೆಯಲ್ಲಾದರೂ ಹಳೆಯ 19 ಇಂಚಿನ ಮಾನಿಟರ್ ಮೂಲೆ ಸೇರಿದ್ದರೆ ಕೇಳಿ ತಂದು ಪಕ್ಕಕ್ಕೆ ಜೋಡಿಸಿ. ಒಂದರಲ್ಲಿ ಕೋಡು, ಇನ್ನೊಂದರಲ್ಲಿ ಓಡುತ್ತಿರುವ ಆಟ. ಈ ಅನುಕೂಲ ಒಮ್ಮೆ ಅಭ್ಯಾಸವಾದರೆ ಬಿಡಲು ಆಗುವುದಿಲ್ಲ.

ಹೆಜ್ಜೆ 7: ಕರೆಂಟು

ಇದನ್ನು ಕೊಟೇಶನ್‌ನಿಂದ ಹೊರಗೆ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದರೆ ಮೈಸೂರಿನ ಬಡಾವಣೆಗಳಲ್ಲೂ ಕರೆಂಟು ಹೋಗಿ ಬಂದು ಮಾಡುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತ ಬೇರೆ. ಫೈಲ್ ಸೇವ್ ಆಗುತ್ತಿರುವಾಗಲೇ ಯಂತ್ರ ನಿಂತರೆ ಆ ಫೈಲು ಕೆಡಬಹುದು.

ಕಾರ್ಡಿಲ್ಲದ ಸಿಸ್ಟಮ್, ಮಾನಿಟರ್ ಎರಡಕ್ಕೂ 600 ವಿಎ ಯುಪಿಎಸ್ ಸಾಕು. ಕೆಲಸ ಸೇವ್ ಮಾಡಿ ಬಂದ್ ಮಾಡುವಷ್ಟು ಸಮಯ ಸಿಗುತ್ತದೆ. ಮುಂದೆ ಕಾರ್ಡ್ ಹಾಕುವುದು ಖಾತರಿ ಅಂತಿದ್ದರೆ ಈಗಲೇ 1000 ವಿಎ ಆಸುಪಾಸಿನದನ್ನು ತೆಗೆದುಕೊಳ್ಳಿ. ಮನೆಯ ಇನ್ವರ್ಟರ್‌ಗೆ ನೇರ ಜೋಡಿಸುವವರು ಅದು ಸೈನ್ ವೇವ್ ಹೌದೋ ಅಲ್ಲವೋ ನೋಡಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೂ ಈಗಿನ ಎಸ್‌ಎಂಪಿಎಸ್‌ಗಳಿಗೂ ಕೂಡಿ ಬರುವುದಿಲ್ಲ.

ಅರ್ಥಿಂಗ್ ನೋಡಿಸಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂಭಾಗದ ಲೋಹಕ್ಕೆ ಬೆರಳು ತಗುಲಿದಾಗ ಸಣ್ಣಗೆ ಜುಮ್ ಅಂದರೆ ಆ ಪ್ಲಗ್ ಪಾಯಿಂಟ್‌ಗೆ ಅರ್ಥ್ ಸರಿಯಾಗಿ ಬಂದಿಲ್ಲ ಅಂತ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದೂ ಒಳಗೆ ಮೂರನೇ ವೈರು ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದ ಮೇಲೆಯೇ ಯಂತ್ರ ಹಾಕಿ. ಗುಡುಗು ಜೋರಾದರೆ ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ, ಅದರ ಮೂಲಕವೂ ಬೋರ್ಡ್ ಸುಟ್ಟುಹೋಗುವುದುಂಟು.

ಇನ್ನೂ ಕಡಿಮೆಯಲ್ಲಿ ಆಗಬೇಕಾದರೆ: ರೀಫರ್ಬಿಶ್ಡ್

ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ನಮ್ಮ ಕಡೆಗೂ ಬರುತ್ತವೆ. ರ‍್ಯಾಮ್ ತುಟ್ಟಿಯಾಗಿರುವಾಗ, ರ‍್ಯಾಮ್ ಸಮೇತ ಬರುವ ಇವು ವಿದ್ಯಾರ್ಥಿಗಳಿಗೆ ಬಹಳ ಒಳ್ಳೆಯ ದಾರಿ. ಎಂಟನೇ ಜನರೇಶನ್ ಅಥವಾ ಅದರ ನಂತರದ್ದನ್ನೇ ಕೇಳಿ, ಉದಾಹರಣೆಗೆ ಆರು ಕೋರ್ ಇರುವ ಐ5-8500. ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ಜನರೇಶನ್‌ನಿಂದ ಮುಂದಕ್ಕೆ. ಆರನೆಯ, ಏಳನೆಯ ಜನರೇಶನ್ ಯಂತ್ರಗಳು ಇಷ್ಟು ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಹಾಕುವವರಾದರೆ ಅವೂ ನಡೆಯುತ್ತವೆ. ಗೊಡೋ, ಬ್ಲೆಂಡರ್, ಕ್ರಿಟಾ ಮೂರೂ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತವೆ, ವಿಂಡೋಸ್ ಲೈಸೆನ್ಸ್ ಖರ್ಚೂ ಉಳಿಯುತ್ತದೆ.

ಗಾತ್ರ ನೋಡಿ ಕೊಳ್ಳಿ. ಪುಸ್ತಕದಷ್ಟು ಚಿಕ್ಕದಿದ್ದರೆ ಕಾರ್ಡ್ ಹಾಕುವ ಆಸೆ ಬಿಡಬೇಕು. ಅಡ್ಡ ಮಲಗಿಸುವ ತೆಳು ಡಬ್ಬಕ್ಕೆ ಗಿಡ್ಡ ಕಾರ್ಡ್ ಮಾತ್ರ ಹಿಡಿಯುತ್ತದೆ. ಅದರ ಎಸ್‌ಎಂಪಿಎಸ್ ಕೂಡ 200 ವಾಟ್ ಆಸುಪಾಸಿನ, ಆ ಕಂಪನಿಯದೇ ಅಳತೆಯ ವಿಶೇಷ ತುಂಡು, ಬೇರೆ ಹಾಕಲಾಗದು. ಟವರ್ ಸಿಕ್ಕರೆ ಟವರೇ ಇರಲಿ. ಎಸ್‌ಎಸ್‌ಡಿಯ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಉಚಿತ ತಂತ್ರಾಂಶ. ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡಿ.

ಹೆಜ್ಜೆ 8: ಎಲ್ಲಿ ಕೊಳ್ಳುವುದು

ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್, ಬೆಳಿಗ್ಗೆ ರೈಲು ಹತ್ತಿದರೆ ಎಸ್‌ಪಿ ರೋಡ್ ಸುತ್ತಿ ಸಂಜೆಗೆ ವಾಪಸ್ ಬರಬಹುದು. ಆಯ್ಕೆ ಅಲ್ಲಿ ಹೆಚ್ಚು, ಬೆಲೆಯೂ ಕೆಲವಕ್ಕೆ ಕಡಿಮೆ. ಆದರೂ ಬೋರ್ಡು, ಎಸ್‌ಎಂಪಿಎಸ್ ಇವನ್ನು ಊರಿನಲ್ಲೇ ಕೊಳ್ಳುವುದು ಜಾಣತನ ಅನ್ನುತ್ತೇನೆ. ಕೆಟ್ಟಾಗ ಕೈಯಲ್ಲಿ ಹಿಡಿದು ಹೋಗಲು ಒಂದು ಅಂಗಡಿ ಇರಬೇಕು. ಮೈಸೂರಿನಲ್ಲಿ ಎರಡು ಮೂರು ಅಂಗಡಿಯಲ್ಲಿ ಬಿಡಿಬಿಡಿಯಾಗಿ, ಮಾಡೆಲ್ ಹೆಸರು ಸಮೇತ ಕೊಟೇಶನ್ ಬರೆಸಿ. "ರೈಜನ್ 5, 16 ಜಿಬಿ, 500 ಎಸ್‌ಎಸ್‌ಡಿ" ಅಂತ ಮೂರೇ ಪದ ಬರೆದ ಚೀಟಿಯಿಂದ ಏನೂ ತಿಳಿಯುವುದಿಲ್ಲ.

ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ ಬೇಡ ಅಂದರೆ ಬೆಲೆ ಇಳಿಸುತ್ತೇವೆ ಅನ್ನುವ ಕಡೆ ವಾರಂಟಿಯೂ ಬಿಲ್ ಜೊತೆಗೇ ಹೋಗುತ್ತದೆ. ಬಿಲ್‌ನಲ್ಲಿ ಪ್ರತಿ ತುಂಡಿನ ಸೀರಿಯಲ್ ನಂಬರ್ ಇರಲಿ. ಪ್ರೊಸೆಸರ್ ಸೀಲ್ ಇರುವ ಡಬ್ಬದಲ್ಲೇ ಬರಲಿ. 'ಟ್ರೇ' ಪ್ರೊಸೆಸರ್ ಅಂದರೆ ಡಬ್ಬವಿಲ್ಲದ್ದು, ಅದಕ್ಕೆ ಕಂಪನಿಯ ವಾರಂಟಿಯ ಬದಲು ಅಂಗಡಿಯವರ ಮಾತೇ ಆಧಾರ. ಪ್ರತಿಯೊಂದಕ್ಕೂ ಸರ್ವಿಸ್ ಸೆಂಟರ್ ಮೈಸೂರಿನಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸುತ್ತಾರೋ, ಕಳಿಸುವ ಖರ್ಚು ಯಾರದು ಅಂತ ಅಲ್ಲೇ ಕೇಳಿಬಿಡಿ.

ಹೆಜ್ಜೆ 9: ಅಂಗಡಿ ಬಿಡುವ ಮುಂಚೆ

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಸಿ, ಹಾಕಿದ ತುಂಡುಗಳು ಬಿಲ್‌ನಲ್ಲಿರುವುವೇ ಅಂತ ನೋಡಿ. ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆಯಿರಿ. ಎಷ್ಟು ಸ್ಲಾಟ್ ತುಂಬಿದೆ, ವೇಗ ಎಷ್ಟು, ಎರಡೂ ಅಲ್ಲಿ ಬರೆದಿರುತ್ತದೆ. 3200 ಅಂತ ಕೊಂಡ ರ‍್ಯಾಮ್ 2133 ಅಥವಾ 2666 ತೋರಿಸಿದರೆ ರ‍್ಯಾಮ್ ಕೆಟ್ಟದ್ದು ಅಂತಲ್ಲ. ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಅನ್ನುವುದನ್ನು ಆನ್ ಮಾಡಿರುವುದಿಲ್ಲ, ಅಷ್ಟೇ. ಅಲ್ಲೇ ಮಾಡಿಸಿಕೊಳ್ಳಿ. ಒಳಗ್ರಾಫಿಕ್ಸ್ ನಂಬಿದವರಿಗೆ ಈ ಒಂದು ನಿಮಿಷದ ಕೆಲಸದಿಂದ ಬಿಟ್ಟಿ ವೇಗ ಸಿಗುತ್ತದೆ.

ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಆಟ ನಿಮ್ಮದೇ ಅಂತ ಸಾಬೀತು ಮಾಡುವ ಸೈನಿಂಗ್ ಕೀ, ಪ್ಲೇ ಸ್ಟೋರ್ ಖಾತೆಯ ಪಾಸ್‌ವರ್ಡ್ ಎಲ್ಲ ಇರುವುದು ಈ ಯಂತ್ರದಲ್ಲೇ. ಮನೆಗೆ ಬಂದ ದಿನವೇ, ಪ್ರಾಜೆಕ್ಟ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಕಲಿಯಲು ಶುರು ಮಾಡಿ, ಪ್ರಾಜೆಕ್ಟ್‌ನ ಒಂದು ಪ್ರತಿ ಗಿಟ್‌ಹಬ್ ಜಾಲತಾಣದಲ್ಲಿರಲಿ. ಬೇರೆಯವರಿಗೆ ಕಾಣದ ಖಾಸಗಿ ಭಂಡಾರಕ್ಕೂ (ರೆಪಾಸಿಟರಿ) ಅಲ್ಲಿ ಹಣ ಕೇಳುವುದಿಲ್ಲ. ಆಂಡ್ರಾಯ್ಡ್ ಪರೀಕ್ಷೆಗೆ ಕಂಪ್ಯೂಟರ್‌ನಲ್ಲೇ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ಹಾಕಿ ರ‍್ಯಾಮ್ ತಿನ್ನಿಸಬೇಡಿ, ನಿಮ್ಮ ಫೋನನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಓಡಿಸಿ. ಆಡುವವರ ಕೈಯಲ್ಲಿರುವುದೂ ಫೋನೇ.

ಗ್ರಾಫಿಕ್ಸ್ ಕಾರ್ಡ್ ಯಾವಾಗ?

ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.6 ಮಿಲಿಸೆಕೆಂಡ್. ಎಂಜಿನ್‌ನ ಪ್ರೊಫೈಲರ್ ತೆರೆದರೆ ಆ ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುತ್ತದೆ. ಸ್ಕ್ರಿಪ್ಟ್‌ನಲ್ಲೇ ಹೆಚ್ಚು ಹೋಗುತ್ತಿದ್ದರೆ ಕಾರ್ಡ್ ಹಾಕಿದರೂ ಪ್ರಯೋಜನ ಇಲ್ಲ, ಕೋಡ್ ತಿದ್ದಬೇಕು. ಗ್ರಾಫಿಕ್ಸ್ ಭಾಗವೇ ಮಿತಿ ಮೀರುತ್ತಿದ್ದರೆ, ಅಥವಾ ಬ್ಲೆಂಡರ್‌ನ ಸೈಕಲ್ಸ್ ಅನ್ನುವ ರೆಂಡರರ್‌ನಲ್ಲಿ ಒಂದು ಚಿತ್ರ ರೆಂಡರ್ ಆಗಲು ಗಂಟೆಗಟ್ಟಲೆ ಕಾಯುತ್ತಿದ್ದರೆ, ಆಗ ಕಾರ್ಡಿನ ಮಾತು. ಬ್ಲೆಂಡರ್‌ನಲ್ಲಿ ಹೆಚ್ಚು ಕೆಲಸ ಮಾಡುವವರು ಎನ್‌ವಿಡಿಯಾ ಕಡೆ ಹೋಗುವುದು ಒಳ್ಳೆಯದು, 12 ಜಿಬಿಯ ಆರ್‌ಟಿಎಕ್ಸ್ 3060 ಸೆಕೆಂಡ್ ಹ್ಯಾಂಡ್ ಸಿಕ್ಕರೂ ಯೋಚಿಸಬಹುದು. ಬರೀ ಎಂಜಿನ್ ಕೆಲಸಕ್ಕಾದರೆ 8 ಜಿಬಿಯ ಆರ್‌ಎಕ್ಸ್ 6600 ಧಾರಾಳ ಆಯಿತು, ಅದು ತಿನ್ನುವುದು 132 ವಾಟ್ ಮಾತ್ರ. ನೀವು ಮೊದಲೇ ಹಾಕಿಸಿದ 550 ವಾಟ್ ಎಸ್‌ಎಂಪಿಎಸ್ ಆರಾಮಾಗಿ ತಡೆದುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಮಾರುವವರ ಮನೆಯಲ್ಲೇ ಅರ್ಧ ಗಂಟೆ ಭಾರದ ಆಟವೊಂದನ್ನು ಓಡಿಸಿ ನೋಡಿ. ಪರದೆಯಲ್ಲಿ ಚುಕ್ಕೆ, ಗೆರೆ ಬಂದರೆ ಬಿಟ್ಟು ಬನ್ನಿ. ತಂದು ಹಾಕಿದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐನಿಂದ ತೆಗೆದು ಕಾರ್ಡಿನ ಎಚ್‌ಡಿಎಂಐಗೆ ಚುಚ್ಚಿ.